ಕೌದಿಯ ಬಣ್ಣ, ಟೊರಾಂಟೊದ ಚಳಿ

ಹಳೆ ಸೀರೆ, ಲುಂಗಿ, ಅಂಗಿ ಕೂಡಿಸಿ ಹೊಲಿದ ಕೌದಿಯನ್ನು ಬಡವರ ಮನೆಯ ಹೊದಿಕೆ ಎಂದೇ ನಾವು ಲೆಕ್ಕಕ್ಕೆ ಹಿಡಿದಿದ್ದೆವು. ಉತ್ತರ ಅಮೆರಿಕದ ಕ್ವಿಲ್ಟ್‌ಪ್ರಿಯರು ಅದೇ ಹೊಲಿಗೆಯಲ್ಲಿ ಬಣ್ಣದ ವಿದ್ಯೆ ಕಂಡು ಸೂಜಿ ಹಿಡಿದಿದ್ದಾರೆ. ಮಹಾನವಮಿಯೂ ಮೇಪಲ್ ಕೆಂಪೂ ಜೊತೆಯಾಗಿ ಬರುವ ಅಕ್ಟೋಬರಿನಲ್ಲಿ, ಹಳಿಯಾಳದ ಕಾಡಂಚಿನಿಂದ ಟೊರಾಂಟೊದ ಹಿತ್ತಲವರೆಗೆ ಒಂದು ಬಣ್ಣದ ನಡಿಗೆ.

ಟೊರಾಂಟೊ ಬಳಿಯ ಬ್ರಾಂಪ್ಟನ್ನಿನ ಒಂದು ಹಿತ್ತಲು. ಅಕ್ಟೋಬರಿನ ಶನಿವಾರ, ಬೆಳಗಿನ ಹತ್ತು ಗಂಟೆ. ಗಾಳಿಯಲ್ಲಿ ಚಳಿ ಇದೆ, ಬಿಸಿಲು ಮಾತ್ರ ಚುರುಕು. ಎರಡು ಕಂಬಗಳ ನಡುವೆ ಬಿಗಿದ ಹಗ್ಗದ ಮೇಲೆ ನೀರು ತೊಟ್ಟಿಕ್ಕುವ ಕೌದಿಯೊಂದನ್ನು ಇಬ್ಬರು ಹೆಂಗಸರು ಎತ್ತಿ ಹಾಕುತ್ತಿದ್ದಾರೆ. ನೆನೆದ ಕೌದಿ ಒಬ್ಬರ ಕೈಗೆ ಬಗ್ಗುವುದಿಲ್ಲ.

ಕೌದಿಯ ನಟ್ಟನಡುವೆ ಇಳಕಲ್ ಸೀರೆಯ ದಾಳಿಂಬೆಗೆಂಪು ಸೆರಗು. ಪಕ್ಕದಲ್ಲಿ ಗುಳೇದಗುಡ್ಡದ ಖಣದ ಹಸಿರು ತುಂಡು. ಅದರಾಚೆ ಯಾರದೋ ಲುಂಗಿಯ ನೀಲಿ ಚೌಕಳಿ, ಶಾಲೆಯ ಸಮವಸ್ತ್ರದ ಖಾಕಿ, ಮಾಸಿದ ಅರಿಶಿನದ ಪಟ್ಟಿ. ಬೇಲಿಯ ಆಚೆ ನೆರೆಮನೆಯ ಮೇಪಲ್ ಅಡಿಯಿಂದ ಮುಡಿಯವರೆಗೆ ಕೆಂಪಾಗಿ ನಿಂತಿದೆ.

ಇಷ್ಟು ಸರಳವಾದ ನೋಟಕ್ಕೆ ಇಲ್ಲಿ ಒಂದು ಕಾನೂನೇ ಬೇಕಾಯಿತು. ಒಂಟಾರಿಯೊ ಪ್ರಾಂತ್ಯದ ಎಷ್ಟೋ ಹೊಸ ಬಡಾವಣೆಗಳಲ್ಲಿ ಮನೆ ಕೊಳ್ಳುವಾಗಲೇ ಹಿತ್ತಲಲ್ಲಿ ಬಟ್ಟೆ ಒಣಹಾಕುವುದಿಲ್ಲವೆಂದು ಕರಾರಿಗೆ ಸಹಿ ಹಾಕಬೇಕಿತ್ತು. ಹಗ್ಗದ ಮೇಲೆ ಬಟ್ಟೆ ತೂಗಿದರೆ ಬೀದಿಯ ಅಂದ ಕೆಡುತ್ತದೆ, ಮನೆಯ ಬೆಲೆ ಇಳಿಯುತ್ತದೆ ಎಂಬ ಅಳುಕು. ಟೊರಾಂಟೊದ ಉತ್ತರಕ್ಕಿರುವ ಅರೋರಾ ಪಟ್ಟಣದ ಆಗಿನ ಮೇಯರ್ ಫಿಲ್ಲಿಸ್ ಮಾರಿಸ್ ಇದರ ವಿರುದ್ಧ ದನಿ ಎತ್ತಿದರು. ವಿದ್ಯುತ್ ಉಳಿತಾಯದ ಕಾರಣ ಮುಂದಿಟ್ಟು ಪ್ರಾಂತ್ಯದ ಸರ್ಕಾರ 2008ರ ಏಪ್ರಿಲ್‌ನಲ್ಲಿ ಆ ನಿಷೇಧಗಳನ್ನು ತೆಗೆದುಹಾಕಿತು. ಬಿಡಿ ಮನೆ, ಜೋಡಿ ಮನೆ, ಸಾಲು ಮನೆಗಳಿಗೆ ಅನುಮತಿ ಸಿಕ್ಕಿತು. ಬಹುಮಹಡಿ ಕಟ್ಟಡಗಳ ಬಾಲ್ಕನಿಗೆ ಆ ಭಾಗ್ಯ ಬರಲಿಲ್ಲ.

ಕಾನೂನು ಮಾಡಿದವರ ಲೆಕ್ಕ ಕಿಲೋವ್ಯಾಟ್‌ಗಳದ್ದು. ಹಿತ್ತಲಿಗೆ ಬಣ್ಣ ಮರಳಿ ಬಂತು ಎಂಬುದು ನನ್ನ ಲೆಕ್ಕ.

ಹಳ್ಳದ ದಂಡೆಯ ಪ್ರದರ್ಶನ

ಮಹಾನವಮಿ ಹತ್ತಿರ ಬಂತೆಂದರೆ ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರದ ಕಡೆ ಮನೆಯ ಹಾಸಿಗೆ ಹೊದಿಕೆಯೆಲ್ಲ ಹೊರಗೆ ಬೀಳುತ್ತದೆ. ಚಕ್ಕಡಿಗೋ ಟ್ರ್ಯಾಕ್ಟರಿಗೋ ಹೇರಿಕೊಂಡು ಹಳ್ಳಕ್ಕೆ, ಹೊಳೆಗೆ, ಕೆರೆಗೆ ಒಯ್ಯುತ್ತಾರೆ. ಬಂಡೆಗೆ ಬಡಿದು ಒಗೆದ ಕೌದಿಗಳನ್ನು ದಂಡೆಯುದ್ದಕ್ಕೂ ಹರವಿದಾಗ ಊರಿನ ಅಷ್ಟೂ ಮನೆಗಳ ಬಣ್ಣ ಒಂದೇ ಕಡೆ ಬಿಸಿಲಿಗೆ ಬರುತ್ತದೆ. ಯಾರ ಮನೆಯಲ್ಲಿ ಯಾವ ಸೀರೆ ಹರಿಯಿತು, ಯಾರ ಮನೆಯ ತೊಟ್ಟಿಲಿಗೆ ಹೊಸ ಕೌದಿ ಬಂತು, ಎಲ್ಲವೂ ಅಲ್ಲಿ ಕಾಣುತ್ತದೆ. ಅದಕ್ಕಿಂತ ದೊಡ್ಡ ಕ್ವಿಲ್ಟ್ ಪ್ರದರ್ಶನ ಯಾವ ಸಭಾಂಗಣದಲ್ಲೂ ನಡೆದಿರಲಾರದು.

ಗ್ರೇಟರ್ ಟೊರಾಂಟೊಗೆ ಬಂದ ಕನ್ನಡದ ಮನೆಗಳಲ್ಲೂ ನವರಾತ್ರಿಗೆ ಮುನ್ನ ಈ ಒಗೆಯುವ ಕೆಲಸ ನಡೆಯುತ್ತದೆ. ಹಬ್ಬದ ಆಸುಪಾಸಿನಲ್ಲೇ ಕೆನಡಾದ ಥ್ಯಾಂಕ್ಸ್‌ಗಿವಿಂಗ್. ಅದು ಅಕ್ಟೋಬರಿನ ಎರಡನೇ ಸೋಮವಾರ. ಮೇಪಲ್ ಎಲೆಗಳು ಉರಿಯುವುದೂ ಆಗಲೇ.

ಎಲೆಯ ಹಳದಿ ಮೊದಲಿನಿಂದಲೂ ಒಳಗಿದ್ದದ್ದು, ಹಸಿರು ಕರಗಿದಾಗ ಹೊರಗೆ ಕಾಣುತ್ತದೆ. ಮೇಪಲ್ಲಿನ ಕೆಂಪು ಹಾಗಲ್ಲ. ಹಗಲಲ್ಲಿ ಒಳ್ಳೆ ಬಿಸಿಲು, ಇರುಳಲ್ಲಿ ಹೆಪ್ಪುಗಟ್ಟದಷ್ಟು ಚಳಿ ಸಿಕ್ಕರೆ ಎಲೆ ತನ್ನಲ್ಲುಳಿದ ಸಕ್ಕರೆಯಿಂದ ಆ ಬಣ್ಣವನ್ನು ಹೊಸದಾಗಿ ತಯಾರಿಸುತ್ತದೆ. ಉದುರುವ ಮುನ್ನ ಮಾಡುವ ಕೊನೆಯ ಕೆಲಸ ಬಣ್ಣದ್ದು! ಈ ವಿಷಯ ತಿಳಿದ ಮೇಲೆ ಕ್ರೆಡಿಟ್ ನದಿಯ ಕಣಿವೆಯನ್ನೂ ಕ್ಯಾಲೆಡನ್ ಗುಡ್ಡಗಳನ್ನೂ ನಾನು ಬೇರೆಯೇ ಕಣ್ಣಿನಿಂದ ನೋಡುತ್ತೇನೆ.

ಅಂಚಿನಿಂದ ಒಳಕ್ಕೆ

ಕೌದಿಯ ಬಣ್ಣ ಕೈಗೆ ಸಿಕ್ಕಿದ ಚಿಂದಿಯಿಂದ ತಾನಾಗಿ ಬಂದದ್ದು ಎಂದು ನಂಬಿದವರು ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವುದನ್ನು ನೋಡಬೇಕು.

ಸಿದ್ದಿಗಳ ಹಿರಿಯರು ಆಫ್ರಿಕಾದವರು. ಪೋರ್ಚುಗೀಸರು ಗೋವಾಕ್ಕೆ ಗುಲಾಮರಾಗಿ ತಂದವರಲ್ಲಿ ಅನೇಕರು ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದರು. ಇಂದು ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲದ ಸುತ್ತ ಅವರ ಹಾಡಿಗಳಿವೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಅವರಲ್ಲಿದ್ದಾರೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ದೊರೆಯಿತು. ಮೂರೂ ಧರ್ಮದ ಮನೆಗಳಲ್ಲಿ ಸಮಾನವಾಗಿರುವ ಒಂದು ವಸ್ತು ಕವಂದಿ, ಅಂದರೆ ಅವರ ಕೌದಿ.

ಹೆಂಗಸು ನೆಲದ ಮೇಲೆ ಹಳೆ ಸೀರೆಯೊಂದನ್ನು ಹಾಸುತ್ತಾಳೆ. ಚೌಕಟ್ಟಿಲ್ಲ, ಮಗ್ಗವಿಲ್ಲ, ನಕ್ಷೆ ಬಿಡಿಸಿದ ಕಾಗದವಿಲ್ಲ. ಒಂದು ಮೂಲೆ ಹಿಡಿಯುತ್ತಾಳೆ. ಮೊದಲ ತುಂಡಿನ ಅಂಚು ಒಳಕ್ಕೆ ಮಡಚಿ ಓಟದ ಹೊಲಿಗೆ ಹಾಕುತ್ತಾ ಅಂಚಿನುದ್ದಕ್ಕೂ ಸಾಗುತ್ತಾಳೆ. ಒಂದು ಸುತ್ತು ಮುಗಿದರೆ ಅದರ ಒಳಗೆ ಇನ್ನೊಂದು ಸುತ್ತು. ಹೊಲಿಗೆ ಮುಂದೆ ಹೋದಂತೆ ಮುಂದಿನ ತುಂಡು ಆರಿಸುತ್ತಾಳೆ, ಮಡಚುತ್ತಾಳೆ, ಹಿಂದಿನದರ ಅಡಿಗೆ ಸೇರಿಸುತ್ತಾಳೆ. ಎಲ್ಲೋ ಒಂದು ಕಡೆ ದೊಡ್ಡ ತುಂಡಿನ ಮೇಲೆ ಅಂಗೈಯಗಲದ ಕೆಂಪು ಚೌಕ, ಅದರ ಮೇಲೆ ಇನ್ನೂ ಚಿಕ್ಕದೊಂದು ಹಳದಿ. ಹೀಗೆ ಸುತ್ತುತ್ತಾ ಸುತ್ತುತ್ತಾ ಹೊಲಿಗೆ ನಡುಮಧ್ಯಕ್ಕೆ ಬಂದು ನಿಲ್ಲುತ್ತದೆ.

ನಾಲ್ಕು ಮೂಲೆಗೂ ತ್ರಿಕೋನವಾಗಿ ಮಡಚಿದ ಪುಟ್ಟ ಬಟ್ಟೆಗಳ ಹೂ. ಅದನ್ನು ಫುಲ ಎನ್ನುತ್ತಾರೆ. ಫುಲವಿಲ್ಲದ ಕವಂದಿ ಬತ್ತಲೆ ಎಂಬುದು ಅಲ್ಲಿಯ ಮಾತು. ಹೊದಿಕೆ ಬೆಚ್ಚಗಿಡಲು ಫುಲ ಬೇಕಿಲ್ಲ, ಬಟ್ಟೆ ಗಟ್ಟಿಯಾಗಲೂ ಬೇಕಿಲ್ಲ. ಬೇಕಿರುವುದು ಕಣ್ಣಿಗೆ. ಹೊಟ್ಟೆಬಟ್ಟೆಗೆ ಕಷ್ಟವಿರುವ ಮನೆಯಲ್ಲೂ ಹೆಂಗಸು ಅದಕ್ಕಾಗಿ ಒಂದಿಷ್ಟು ಒಳ್ಳೆಯ ಚೂರುಗಳನ್ನು ಎತ್ತಿಟ್ಟಿರುತ್ತಾಳೆ.

ಕೆನಡಾದಲ್ಲಿ ರೂಢಿಯಿರುವ ಕ್ವಿಲ್ಟಿನ ದಾರಿ ಬಹುತೇಕ ಇದರ ತಿರುವುಮುರುವು. ಅಲ್ಲಿ ಮೊದಲು ಲೆಕ್ಕ ಹಾಕಿ ತುಂಡುಗಳನ್ನು ಕತ್ತರಿಸುತ್ತಾರೆ, ಚೌಕಗಳಾಗಿ ಜೋಡಿಸುತ್ತಾರೆ. ಮೇಲ್ಪದರ, ನಡುವೆ ಹತ್ತಿಯ ಹಾಸು, ಕೆಳಪದರ ಮೂರನ್ನೂ ಸೇರಿಸಿದ ಮೇಲೆ ಸುಕ್ಕು ಬೀಳದಂತೆ ನಡುವಿನಿಂದ ಹೊರಕ್ಕೆ ಹೊಲಿಯುತ್ತಾರೆ. ಕೊನೆಗೆ ಅಂಚು ಕಟ್ಟುತ್ತಾರೆ. ಕವಂದಿಯಲ್ಲಿ ಅಂಚು ಮೊದಲೇ ಮುಗಿದಿರುತ್ತದೆ. ಲೆಕ್ಕ ಮೊದಲೇ ಮುಗಿಯುವುದಿಲ್ಲ. ಪ್ರತಿ ತುಂಡಿಗೂ ಹೊಸ ತೀರ್ಮಾನ ಬೇಕು, ಆ ತೀರ್ಮಾನವನ್ನು ಪಕ್ಕದ ತುಂಡು ನೋಡಿ ಮಾಡಬೇಕು.

ಈ ಹೊಲಿಗೆ ಹೊರಜಗತ್ತಿಗೆ ತಲುಪಿದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರ ಮೂಲಕ. ಆಫ್ರಿಕಾದ ಕಲೆಯನ್ನು ಬಹುಕಾಲ ಅಭ್ಯಾಸ ಮಾಡಿದ ಅವರು ಸಿದ್ದಿಗಳನ್ನು ಅರಸಿ ಕರ್ನಾಟಕಕ್ಕೆ ಬಂದರು. 2004ರಲ್ಲಿ ಸಿದ್ದಿ ಮಹಿಳೆಯರ ಕ್ವಿಲ್ಟ್ ಸಹಕಾರಿಯೊಂದು ರೂಪುಗೊಂಡಿತು. 2011ರಲ್ಲಿ ನ್ಯೂಯಾರ್ಕಿನ ಶೊಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ಕವಂದಿಗಳು ತೂಗಿದವು. ಈಗ ಉತ್ತರ ಅಮೆರಿಕದ ಕ್ವಿಲ್ಟ್ ಕಾರ್ಯಾಗಾರಗಳಲ್ಲಿ ಕವಂದಿ ಅದೇ ಹೆಸರಿನಿಂದ ಕಲಿಸುವ ಒಂದು ಪ್ರಕಾರ. ಹೆಸರು ಉಳಿದುಕೊಂಡು ಹೋದದ್ದು ದೊಡ್ಡದು. ಹೊಲಿದವರ ಹೆಸರೂ ಹಾಗೇ ಹೋಗಬೇಕು. ಕವಂದಿ ಕೊಳ್ಳುವ ಕನ್ನಡಿಗರು ಇದನ್ನು ಯಾರು ಹೊಲಿದರು, ಅವರ ಕೈಗೆ ಎಷ್ಟು ಸೇರಿತು ಎಂದು ಕೇಳಿಯೇ ಕೊಳ್ಳಬೇಕೆಂದು ನನ್ನ ಆಗ್ರಹ.

> ಬಾಕ್ಸ್: ಕಪ್ಪು ಏಕೆ ಸಪ್ಪೆಯಾಯಿತು?
>
> ಪ್ಯಾರಿಸ್ಸಿನ ಗೊಬ್ಲಾ ಕಾರ್ಖಾನೆ ಚಿತ್ರದ ಪರದೆಗಳನ್ನು ನೇಯುವುದಕ್ಕೆ ಹೆಸರಾದದ್ದು. ಅಲ್ಲಿ ಬಣ್ಣಗಾರಿಕೆಯ ಮುಖ್ಯಸ್ಥನಾಗಿ 1824ರಲ್ಲಿ ಬಂದ ರಸಾಯನ ವಿಜ್ಞಾನಿ ಮಿಶೆಲ್ ಶೆವ್ರಲ್ ಮುಂದೆ ಒಂದು ದೂರು ಬಂತು: ನಿಮ್ಮ ಕಪ್ಪು ದಾರ ಸಪ್ಪೆ. ಬಣ್ಣ ಪರೀಕ್ಷಿಸಿದರೆ ಕಪ್ಪಿನಲ್ಲಿ ದೋಷವಿಲ್ಲ. ನೀಲಿ, ನೇರಳೆಯ ಪಕ್ಕ ನೇಯ್ದದ್ದರಿಂದ ಅದು ಕಳೆಗುಂದಿ ಕಾಣುತ್ತಿತ್ತು. ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಬದಲಿಸುತ್ತವೆ ಎಂದು ಆತ 1839ರಲ್ಲಿ ದೊಡ್ಡ ಗ್ರಂಥವನ್ನೇ ಬರೆದ. ಚಿತ್ರಕಾರರು, ನೇಕಾರರು, ತೋಟಗಾರರು ಅದನ್ನು ಓದಿದರು. ಆತ ಬದುಕಿದ್ದು 102 ವರ್ಷ.

ಶೆವ್ರಲ್ ಗ್ರಂಥದಲ್ಲಿ ಬರೆದದ್ದನ್ನು ಕೌದಿ ಹೊಲಿಯುವವರು ಕೈಯಲ್ಲಿ ತಿಳಿದಿದ್ದಾರೆ. ಎರಡು ಕಡುಬಣ್ಣಗಳ ನಡುವೆ ಒಂದು ತೆಳು ಬಣ್ಣ ಇಟ್ಟರೆ ಎರಡೂ ಎದ್ದು ಕಾಣುತ್ತವೆ. ಹಸಿರಿನ ಪಕ್ಕ ಕೆಂಪು ಇನ್ನಷ್ಟು ಕೆಂಪಾಗುತ್ತದೆ. ಟೊರಾಂಟೊದ ಕ್ವಿಲ್ಟ್ ತರಗತಿಗೆ ಹೋದರೆ ಮೊದಲು ಕಲಿಸುವ ಉಪಾಯಗಳಲ್ಲಿ ಒಂದು ಕಣ್ಣು ಕಿರಿದು ಮಾಡಿ ನೋಡುವುದು. ಫೋನಿನಲ್ಲಿ ಕಪ್ಪು ಬಿಳುಪು ಫೋಟೊ ತೆಗೆದರೂ ಆದೀತು. ಬಣ್ಣ ಮರೆಯಾಗಿ ಯಾವುದು ಕಡು, ಯಾವುದು ತಿಳಿ ಎಂಬುದಷ್ಟೇ ಉಳಿಯುತ್ತದೆ. ಕೆಂಪೂ ಹಸಿರೂ ಒಂದೇ ಬೂದು ಬಣ್ಣವಾಗಿ ಕಂಡರೆ ಆ ಎರಡು ತುಂಡುಗಳಿಂದ ನಕ್ಷೆ ಮೂಡುವುದಿಲ್ಲ. ಹಳೆ ಕೌದಿಯೊಂದನ್ನು ಹೀಗೆ ಕಪ್ಪು ಬಿಳುಪಿನಲ್ಲಿ ನೋಡಿ. ಕಡುವಿನ ಪಕ್ಕ ತಿಳಿ, ತಿಳಿಯ ಪಕ್ಕ ಕಡು ಬರುವ ಲಯ ತಟ್ಟನೆ ಕಣ್ಣಿಗೆ ಬೀಳುತ್ತದೆ.

ಟೊರಾಂಟೊದಲ್ಲಿ ನಮ್ಮ ಕಡೆಯ ಕೆಂಪು

ಸೇಂಟ್ ಪ್ಯಾಟ್ರಿಕ್ ಮೆಟ್ರೊ ನಿಲ್ದಾಣದಿಂದ ಕೆಲವೇ ನಿಮಿಷ ನಡೆದರೆ ಸೆಂಟರ್ ಅವೆನ್ಯೂದಲ್ಲಿ ಟೆಕ್ಸ್‌ಟೈಲ್ ಮ್ಯೂಸಿಯಂ ಆಫ್ ಕೆನಡಾ ಸಿಗುತ್ತದೆ. 1975ರಲ್ಲಿ ಶುರುವಾದ ಈ ಸಂಗ್ರಹಾಲಯದಲ್ಲಿ ಜಗತ್ತಿನ ನಾನಾ ಭಾಗದ 15 ಸಾವಿರಕ್ಕೂ ಹೆಚ್ಚು ಬಟ್ಟೆ, ಕಂಬಳಿ, ಜಮಖಾನ, ಕ್ವಿಲ್ಟ್‌ಗಳಿವೆ. ಜನ ದಾನ ಕೊಟ್ಟ ಬಟ್ಟೆ, ದಾರ, ಗುಂಡಿಗಳನ್ನು ಅದು ಅಗ್ಗಕ್ಕೆ ಮಾರಿ ಹಣ ಕೂಡಿಸುತ್ತದೆ. ಹೊಲಿಯುವವರು ಆ ಮಾರಾಟವನ್ನು ಕಾಯುತ್ತಾರೆ.

ಇನ್ನೊಂದು ಖಜಾನೆ ರಾಯಲ್ ಒಂಟಾರಿಯೊ ಮ್ಯೂಸಿಯಂ. ಕೋರಮಂಡಲ ತೀರದಲ್ಲಿ ಕೈಯಿಂದ ಬರೆದು ಬಣ್ಣ ಕಟ್ಟಿದ ಹತ್ತಿಬಟ್ಟೆಗಳ ಸಂಗ್ರಹದಲ್ಲಿ ಅದರದು ಜಗತ್ತಿನಲ್ಲೇ ದೊಡ್ಡ ಹೆಸರು. ಅಲ್ಲಿಯ ಕ್ಯಾಥರೀನ್ ಬ್ರೆಟ್ ಹಾಗೂ ಲಂಡನ್ನಿನ ಜಾನ್ ಅರ್ವಿನ್ ಸೇರಿ 1970ರಲ್ಲಿ ಹೊರತಂದ ಗ್ರಂಥ ಇಂದಿಗೂ ಆ ವಿಷಯಕ್ಕೆ ಅಡಿಗಲ್ಲು. 2020ರಲ್ಲಿ ಇದೇ ಬಟ್ಟೆಗಳ ದೊಡ್ಡ ಪ್ರದರ್ಶನ ಅಲ್ಲಿ ನಡೆಯಿತು.

ಯುರೋಪಿನವರನ್ನು ಮರುಳು ಮಾಡಿದ್ದು ಆ ಬಟ್ಟೆಯ ಚಿತ್ರಕ್ಕಿಂತ ಅದರ ಬಣ್ಣದ ಗಟ್ಟಿತನ. ಹತ್ತಿಬಟ್ಟೆಯ ಮೇಲೆ ಅವರು ಅಚ್ಚೊತ್ತಿದ ಬಣ್ಣಗಳು ನೀರು ಕಂಡರೆ ಬಿಡುತ್ತಿದ್ದವು. ನಮ್ಮ ಕುಶಲಿಗಳು ಅಳಲೆಕಾಯಿ ರಸದಲ್ಲಿ ಬಟ್ಟೆ ನೆನೆಸಿ, ಪಟಿಕದಿಂದ ನಕ್ಷೆ ಬರೆದು, ಚಾಯ್ ಎಂಬ ಗಿಡದ ಬೇರಿನ ನೀರಿನಲ್ಲಿ ಕುದಿಸಿದರೆ ಪಟಿಕ ತಾಗಿದ ಕಡೆ ಮಾತ್ರ ಕೆಂಪು ಕಚ್ಚಿ ಕೂರುತ್ತಿತ್ತು. ಒಗೆದಷ್ಟೂ ಹೊಳೆಯುತ್ತಿತ್ತು. ಮಂಚದ ಪರದೆ, ಗೋಡೆಯ ಹೊದಿಕೆ, ಕುರ್ಚಿಯ ಬಟ್ಟೆ ಎಲ್ಲಕ್ಕೂ ಅದೇ ಬೇಕೆಂಬ ಹುಚ್ಚು ಹಿಡಿಯಿತು. ಸ್ಥಳೀಯ ನೇಕಾರರ ಗಲಾಟೆಗೆ ಮಣಿದು ಫ್ರಾನ್ಸ್ 1686ರಿಂದ 1759ರವರೆಗೆ ಅದನ್ನು ನಿಷೇಧಿಸಿತು. ಇಂಗ್ಲೆಂಡ್ 1721ರಲ್ಲಿ ಉಡುವುದನ್ನೂ ಮನೆಗೆ ಹಾಕುವುದನ್ನೂ ತಡೆಯಿತು.

ಸಿಕ್ಕ ಚೂರನ್ನೂ ಅಲ್ಲಿಯ ಹೆಂಗಸರು ಬಿಸಾಡಲಿಲ್ಲ. ಹೂ, ಹಕ್ಕಿಗಳನ್ನು ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಹೊಲಿದರು. ಯುರೋಪು, ಅಮೆರಿಕದ ಹಳೆಯ ತೇಪೆ ಕ್ವಿಲ್ಟ್‌ಗಳ ಒಂದು ಬೇರು ಇಲ್ಲಿದೆ. ಕ್ವಿಲ್ಟ್ ಎಂದರೆ ಪೂರಾ ಅವರದೇ ಕಲೆ ಎಂದು ಕೈಕಟ್ಟಿ ನಿಲ್ಲುವ ನಮ್ಮ ಮಕ್ಕಳನ್ನು ಒಮ್ಮೆ ಈ ಎರಡು ಸಂಗ್ರಹಾಲಯಗಳಿಗೆ ಕರೆದುಕೊಂಡು ಹೋಗಬೇಕು.

> ಬಾಕ್ಸ್: ಥಾರ್ನ್‌ಹಿಲ್ಲಿನ ಹಿತ್ತಲು
>
> ಬಣ್ಣ ಹೆಚ್ಚಾಯಿತು ಎಂಬ ಆಕ್ಷೇಪ ಟೊರಾಂಟೊಗೆ ಹಳೆಯದು. ಚಿತ್ರಕಾರ ಜೆ.ಇ.ಎಚ್. ಮ್ಯಾಕ್‌ಡೊನಾಲ್ಡ್ ಥಾರ್ನ್‌ಹಿಲ್ಲಿನ ತನ್ನ ಹಿತ್ತಲಿನ ಸೂರ್ಯಕಾಂತಿ, ಆಸ್ಟರ್ ಹೂಗಳನ್ನು ಒತ್ತೊತ್ತಾಗಿ ಬರೆದ 'ದಿ ಟ್ಯಾಂಗಲ್ಡ್ ಗಾರ್ಡನ್' 1916ರಲ್ಲಿ ಪ್ರದರ್ಶನಗೊಂಡಾಗ ವಿಮರ್ಶಕರು ಬಣ್ಣ ಅತಿಯಾಯಿತೆಂದು ಹರಿಹಾಯ್ದರು. 1920ರಲ್ಲಿ ಮ್ಯಾಕ್‌ಡೊನಾಲ್ಡ್ ಮತ್ತು ಗೆಳೆಯರು ಗ್ರೂಪ್ ಆಫ್ ಸೆವೆನ್ ಎಂಬ ಚಿತ್ರಕಾರರ ಬಳಗ ಕಟ್ಟಿದರು. ಆ ಚಿತ್ರ ಈಗ ಒಟ್ಟಾವಾದ ರಾಷ್ಟ್ರೀಯ ಗ್ಯಾಲರಿಯಲ್ಲಿದೆ. ಈ ಬಳಗದ ಶರತ್ಕಾಲದ ಕೆಂಪುಗಳನ್ನು ಕ್ಲೈನ್‌ಬರ್ಗ್‌ನ ಮ್ಯಾಕ್‌ಮೈಕಲ್ ಸಂಗ್ರಹದಲ್ಲಿ ನೋಡಬಹುದು.

ಒಂಬತ್ತು ಗಂಟೆಯ ಹಗಲು

ಡಿಸೆಂಬರ್ 21ರ ಸುಮಾರಿಗೆ ಟೊರಾಂಟೊದಲ್ಲಿ ಹಗಲು ಒಂಬತ್ತು ಗಂಟೆಗೂ ಕಡಿಮೆ. ಬೆಂಗಳೂರಿನಲ್ಲಿ ಆಗಲೂ ಹನ್ನೊಂದು ಗಂಟೆ ಮೀರಿರುತ್ತದೆ. ಸಂಜೆ ಐದಕ್ಕೆ ಮುನ್ನವೇ ಸೂರ್ಯ ಮುಳುಗುವ ಊರಲ್ಲಿ ಹೊಸ ಮನೆಗಳ ಒಳಗೋಡೆ ಹೆಚ್ಚಾಗಿ ಬಿಳಿ ಇಲ್ಲವೇ ಬೂದು. ಸೋಫಾ ಬೂದು, ನೆಲಹಾಸು ಬೂದು. ಮರುಮಾರಾಟಕ್ಕೆ ಅನುಕೂಲ ಎಂಬ ಕಾರಣಕ್ಕೆ ಅದನ್ನೇ ಮುಂದುವರಿಸುತ್ತಾರೆ. ಹೊರಗೆ ನಾಲ್ಕು ತಿಂಗಳು ಹಿಮ, ಆಕಾಶವೂ ಬೂದು. ಒಳಗೂ ಅದನ್ನೇ ತುಂಬಿಕೊಳ್ಳುವುದೇಕೆ? ಯಾವತ್ತೋ ಬರುವ ಖರೀದಿದಾರನ ಕಣ್ಣಿಗಾಗಿ ಇವತ್ತು ನಾವಿರುವ ಮನೆಯನ್ನು ಸಪ್ಪೆ ಮಾಡಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ.

ಬಾಡಿಗೆ ಮನೆಯಾದರೂ ಗೋಡೆಗೆ ಕೈ ಹಚ್ಚದೆ ಬಣ್ಣ ತರಲು ಬಟ್ಟೆಯೇ ಸಾಕು. ಮಿಸಿಸಾಗಾ, ಬ್ರಾಂಪ್ಟನ್, ಮಿಲ್ಟನ್ನಿನ ಕನ್ನಡದ ಮನೆಗಳಲ್ಲಿ ಖಣದ ದಿಂಬುಗವುಸು, ಊಟದ ಮೇಜಿನ ಉದ್ದಕ್ಕೆ ಇಳಕಲ್ ಸೆರಗು, ಚೌಕಟ್ಟು ಹಾಕಿಸಿದ ಕಸೂತಿ, ಸಂಡೂರಿನ ಲಂಬಾಣಿ ಕನ್ನಡಿ ಕೆಲಸದ ತೋರಣ ಕಾಣಸಿಗುತ್ತವೆ. ನವರಾತ್ರಿಯ ಗೊಂಬೆಗಳ ಮೆಟ್ಟಿಲಿಗೆ ಹಾಸುವ ಬಟ್ಟೆಯಿಂದಲೇ ಎಷ್ಟೋ ಮನೆಗಳಲ್ಲಿ ಬಣ್ಣದ ಕಾಲ ಶುರುವಾಗುತ್ತದೆ.

ಒಂದು ಸೂಕ್ಷ್ಮ ಗೊತ್ತಿರಬೇಕು. ಬೆಳಕು ಕುಗ್ಗಿದಂತೆ ನಮ್ಮ ಕಣ್ಣಿಗೆ ಕೆಂಪು ಬೇಗ ಕಪ್ಪಾಗುತ್ತದೆ, ನೀಲಿ ಹಸಿರುಗಳು ಹೆಚ್ಚು ಹೊತ್ತು ಉಳಿಯುತ್ತವೆ. ಚೆಕ್ ವಿಜ್ಞಾನಿ ಪುರ್ಕಿನ್ಯೆ ಎರಡು ಶತಮಾನದ ಹಿಂದೆ ಗುರುತಿಸಿದ ಸಂಗತಿ ಇದು. ಹುಬ್ಬಳ್ಳಿಯ ಬಿಸಿಲಲ್ಲಿ ಕುಂಕುಮದಂತಿದ್ದ ಸೀರೆ ಜನವರಿಯ ಟೊರಾಂಟೊ ಕೋಣೆಯಲ್ಲಿ ಕಂದಾಗಿ ಕುಳಿತರೆ ನೇಕಾರರನ್ನು ದೂರಬೇಡಿ. ಅದರ ಪಕ್ಕ ಒಂದು ಅರಿಶಿನವನ್ನೋ ಕೆನೆ ಬಣ್ಣವನ್ನೋ ಇಟ್ಟು ನೋಡಿ. ಇಳಕಲ್ ಸೆರಗಿನ ಕೆಂಪಿನ ನಡುವೆ ಬಿಳಿ ಪಟ್ಟೆಗಳನ್ನು ನೇಯ್ದವರು ಈ ಕೆಲಸ ಮೊದಲೇ ಮಾಡಿಟ್ಟಿದ್ದಾರೆ.

> ಬಾಕ್ಸ್: ಬಟ್ಟೆ ಆರಿಸುವಾಗ
>
> ಅಂಗಡಿಯ ದೀಪದಡಿ ತೀರ್ಮಾನಿಸಬೇಡಿ. ತುಂಡು ತಂದು ನಿಮ್ಮ ಕೋಣೆಯಲ್ಲೇ ಹಗಲಿಗೊಮ್ಮೆ, ಇರುಳಿಗೊಮ್ಮೆ ನೋಡಿ. ಉತ್ತರದ ಕಿಟಕಿಯ ಬೆಳಕಿಗೆ ನೀಲಿ ಛಾಯೆ ಇರುತ್ತದೆ. 2700 ಕೆಲ್ವಿನ್ನಿನ ಎಲ್‌ಇಡಿ ದೀಪದಡಿ ಕೆಂಪು, ಹಳದಿ ಅರಳುತ್ತವೆ.
>
> ಒದ್ದೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡಿ. ಬಣ್ಣ ಅಂಟಿದರೆ ಅದನ್ನು ಹೊಲಿಯುವ ಮುನ್ನ ಬೇರೆಯಾಗಿ, ತಣ್ಣೀರಿನಲ್ಲಿ, ನೀರು ತಿಳಿಯಾಗುವವರೆಗೆ ಒಗೆಯಿರಿ.
>
> ನೇರ ಬಿಸಿಲು ಬೀಳುವ ಕಿಟಕಿಗೆ ಅಜ್ಜಿಯ ಸೀರೆ ಬೇಡ.

ಬಟ್ಟೆ ಕೊಳ್ಳಬೇಕೆಂದರೆ ಸ್ಪಡೈನಾ ರಸ್ತೆಯ ಆಚೀಚೆಯ ಕ್ವೀನ್ ಸ್ಟ್ರೀಟ್ ವೆಸ್ಟ್ ಇದೆ. ಒಂದು ಕಾಲಕ್ಕೆ ಇಡೀ ಸ್ಪಡೈನಾ ಸಿದ್ಧ ಉಡುಪಿನ ಕಾರ್ಖಾನೆಗಳ ಬೀದಿಯಾಗಿತ್ತು, 1931ರಲ್ಲಿ ಉಡುಪು ಹೊಲಿಯುವ ಹೆಂಗಸರು ಅಲ್ಲಿ ದೊಡ್ಡ ಮುಷ್ಕರ ಹೂಡಿದ್ದರು. ಸೀರೆಗೆ ಜೆರಾರ್ಡ್ ಬೀದಿ. 1972ರಲ್ಲಿ ನಾಜ್ ಎಂಬ ಹಿಂದಿ ಚಿತ್ರಮಂದಿರ ತೆರೆದ ಮೇಲೆ ಸುತ್ತಲೂ ಬೆಳೆದ ಬಜಾರು ಅದು.

ಕೌದಿಗೆ ಮಾತ್ರ ಕೊಂಡ ಬಟ್ಟೆ ಬೇಕಿಲ್ಲ. ಮಕ್ಕಳಿಗೆ ಚಿಕ್ಕದಾದ ಹತ್ತಿಯಂಗಿ, ಕಾಲರು ಸವೆದ ಆಫೀಸು ಶರ್ಟು, ಅಂಚು ಹರಿದ ಸೀರೆ ಸಾಕು. ಟೀ ಶರ್ಟು ಹಿಗ್ಗುತ್ತದೆ, ಅದನ್ನು ಮೊದಲ ಕೌದಿಗೆ ಬಳಸಬೇಡಿ. ಪಾಲಿಯೆಸ್ಟರ್ ಹತ್ತಿಯ ಜೊತೆ ಒಂದೇ ಸಮ ಕುಗ್ಗುವುದಿಲ್ಲ. ತೊಟ್ಟಿಲಿಗಾಗುವಷ್ಟು, ಮೂರು ಅಡಿಗೆ ಎರಡೂವರೆ ಅಡಿಯ ಹಳೆ ಸೀರೆಯ ತುಂಡು ಕೆಳಗಿರಲಿ. ದಪ್ಪ ಹತ್ತಿದಾರ, ಉದ್ದನೆಯ ಸೂಜಿ ಇರಲಿ. ಮೊದಲ ತುಂಡನ್ನು ಮೂಲೆಗೆ ಇಡಿ, ಅಂಚನ್ನು ಬೆರಳಗಲ ಒಳಕ್ಕೆ ಮಡಚಿ, ಹೊಲಿಯುತ್ತಾ ಬಲಗೈ ಕಡೆಯಿಂದ ಎಡಕ್ಕೆ ಸಾಗಿ. ಎರಡನೆಯ ತುಂಡಿನ ಬಣ್ಣವನ್ನು ಮೊದಲನೆಯದನ್ನು ನೋಡಿ ಆರಿಸಿ. ನಾಲ್ಕು ಫುಲಗಳಿಗೆ ಬೇಕಾದ ಒಳ್ಳೆಯ ಚೂರುಗಳನ್ನು ಮೊದಲೇ ತೆಗೆದಿಡಿ.